ಏಡಿಯನ್ನು ಕೇಳಿ ನೀರಿಗಿಳಿಯಿರಿ

ಪುಷ್ಯ ಮಳೆ, ನಾವು ಕಡಲತಡಿ ಬಿಟ್ಟು ದರೆ ಹತ್ತಿದ ಎಪ್ಪತ್ತನೆಯ ವರ್ಷ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರಾ ತೊಂಬತ್ತಾರನೆಯ ಇಸವಿ.

ನಮ್ಮ ಹಿರಿಯರಾದ ನಿಮಗೆ ಅಕ್ಕಣಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಬೇಕು. ನಮ್ಮ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದಲ್ಲಿ ಆ ವಸ್ತುಗಳೇ ಇರಲಿಲ್ಲವಲ್ಲ. ಈ ಕಾಗದಕ್ಕೆ ನಾವು ಮುಳುಗೋಲೆ ಅನ್ನುತ್ತೇವೆ. ಪುಷ್ಯ ಮಳೆಯಲ್ಲಿ ಪ್ರತಿ ಮನೆಯವರೂ ಹಿರಿಯರಿಗೊಂದು ಓಲೆ ಬರೆದು, ಕಲ್ಲು ಕಟ್ಟಿ ಸಮುದ್ರಕ್ಕೆ ಬಿಡುತ್ತಾರೆ. ಆಳದ ನೀರು ಬಹಳ ನಿಧಾನವಂತೆ. ಈಗ ಕೆಳಗಿನಿಂದ ಏರಿ ಬರುವ ನೀರು ಒಂದು ಕಾಲದಲ್ಲಿ ಮೇಲೆಯೇ ಇದ್ದು, ಬಿಸಿಲು ಕಂಡು, ದೋಣಿ ಹೊತ್ತು, ಆಮೇಲೆ ಎಲ್ಲೋ ದೂರದಲ್ಲಿ ಮುಳುಗಿದ್ದು ಎಂದು ಟೀಚರ್ ಹೇಳಿದ್ದರು. ನಿಮ್ಮ ಕಾಲದ ನೀರು ನಮ್ಮ ಹತ್ತಿರ ಬರುವುದಾದರೆ ನಮ್ಮ ಓಲೆಯೂ ನಿಮ್ಮ ಹತ್ತಿರ ಹೋಗಬಹುದು ಎಂಬ ನಂಬಿಕೆ. ನಾನು ನಿಮ್ಮ ಪ್ಲಾಸ್ಟಿಕ್ ಹಾಳೆಯ ಮೇಲೆ ಗೇರು ಸಿಪ್ಪೆಯ ಮಸಿಯಿಂದ ಬರೆಯುತ್ತಿದ್ದೇನೆ. ಹಾಳೆ ಇನ್ನೂ ಕೊಳೆತಿಲ್ಲ.

ನೀವು ತಿರುಗಾಡಿದ ಕಡಲತಡಿ ಈಗ ನೀರಿನೊಳಗಿದೆ. ನಾವು ಮುರಕಲ್ಲಿನ ದರೆಯ, ಅಂದರೆ ಕೆಂಪು ಕಲ್ಲಿನ ಕಡಿದಾದ ದಿಬ್ಬದ, ಮೇಲೆ ಮನೆ ಕಟ್ಟಿಕೊಂಡಿದ್ದೇವೆ. ಗದ್ದೆಗೆ ಉಪ್ಪು ಹತ್ತಿದ ಮೇಲೆ ಅಕ್ಕಿ ಕಡಿಮೆಯಾಯಿತು. ಕೆಸು, ಗೆಣಸು, ಹಲಸಿನ ಬೀಜ ತಿನ್ನುತ್ತೇವೆ. ನೀವು ಜೆಲ್ಲಿ ಫಿಶ್ ಅನ್ನುತ್ತಿದ್ದ ಲೋಳೆಮೀನನ್ನು ಉಪ್ಪು ಸವರಿ ಒಣಗಿಸಿಟ್ಟು ಮಳೆಗಾಲದಲ್ಲಿ ನೆನೆಸುತ್ತೇವೆ. ಅದರಲ್ಲಿ ರುಚಿಯೂ ಇಲ್ಲ, ಹೊಟ್ಟೆಯೂ ತುಂಬುವುದಿಲ್ಲ, ಹಲ್ಲಿಗೆ ಕೆಲಸ ಅಷ್ಟೆ. ನಿಜವಾದ ಮೀನು ಸಿಗುವುದು ತಣ್ಣೀರು ಏರುವ ಈ ಎರಡು ತಿಂಗಳಲ್ಲಿ ಮಾತ್ರ. ನಿಮಗೂ ಇದು ಗೊತ್ತಿತ್ತು. ಮಳೆಗಾಲದ ಗಾಳಿ ದಡದ ನೀರನ್ನು ಆಚೆ ದೂಡುತ್ತದೆ, ಆ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೆ ಬರುತ್ತದೆ, ಅದರ ಜೊತೆ ಸಮುದ್ರದ ಗೊಬ್ಬರವೂ ಬರುತ್ತದೆ, ಹಸಿರು ಪಾಚಿ ಹುಟ್ಟುತ್ತದೆ, ಅದನ್ನು ತಿನ್ನಲು ಬೂತಾಯಿ ಮೀನು ಬರುತ್ತದೆ. ಅಜ್ಜಿಯಂದಿರು ಹೇಳುವ ಹಾಡುಗಳೆಲ್ಲ ತಣ್ಣೀರನ್ನು ಹೊಗಳುತ್ತವೆ. ಕಾಲಿಗೆ ತಂಪಾದರೆ ಬಲೆ ಹಾಕು ಅನ್ನುತ್ತವೆ. ನೀವು ನಮಗೆ ಬಿಟ್ಟುಹೋದ ವಿದ್ಯೆ ಇಷ್ಟೇ, ಅದೂ ಅರ್ಧ.

ಸಮುದ್ರ ಮೇಲಿನಿಂದ ಕಾದು ಕಾದು ಈಗ ಬೆಚ್ಚನೆಯ ನೀರು ಪಾತ್ರೆಯ ಮುಚ್ಚಳದ ಹಾಗೆ ಕೂತಿದೆ. ಕೆಳಗಿನ ನೀರಿಗೆ ಗಾಳಿ ಸಿಗುವುದಿಲ್ಲ. ಅಂಥ ನೀರಿಗೆ ನಾವು ಬರಿನೀರು ಅನ್ನುತ್ತೇವೆ. ಅದರಲ್ಲಿ ಉಸಿರಿಲ್ಲ. ಅದೂ ತಣ್ಣಗೇ ಇರುತ್ತದೆ. ಕಾಲಿಗೆ ಎರಡೂ ಒಂದೇ. ಬರಿನೀರು ಏರಿದಾಗ ಮೀನೆಲ್ಲ ಉಸಿರು ಹುಡುಕಿಕೊಂಡು ದಡಕ್ಕೆ ನುಗ್ಗುತ್ತದೆ. ನೋಡಿದವರಿಗೆ ಸುಗ್ಗಿ ಬಂದ ಹಾಗೆ ಕಾಣುತ್ತದೆ. ಅದರ ಹಿಂದೆಯೇ ತಳದ ಕೆಸರಿನ ವಿಷಗಾಳಿ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ವಾಸನೆ ಬರುವಾಗ ಓಡಬೇಕು. ಇದ್ದಕ್ಕಿದ್ದಂತೆ ವಾಸನೆ ನಿಂತರೆ ಗಾಳಿ ಒಳ್ಳೆಯದಾಯಿತು ಎಂದಲ್ಲ, ಮೂಗು ಸತ್ತಿತು ಎಂದು ಅರ್ಥ.

ಅದಕ್ಕೇ ಏಡಿಯನ್ನು ಕೇಳುವ ಪದ್ಧತಿ ಬಂದದ್ದು. ಹೊಳೆಯ ಕೆಸರಿನಿಂದ ಜೀವಂತ ಏಡಿ ಹಿಡಿದು, ಬೆತ್ತದ ಬುಟ್ಟಿಯಲ್ಲಿ ಹಾಕಿ, ಹಳೆಯ ಬಂದರಿನ ಕಲ್ಲುರಾಶಿಯ ತುದಿಯಿಂದ ತಳಕ್ಕೆ ಇಳಿಸುತ್ತೇವೆ. ಒಂದು ಹಾಡು ಪೂರ್ತಿ ಹೇಳಿ ಮೇಲೆತ್ತುತ್ತೇವೆ. ಏಡಿ ಕೊಂಬು, ಅಂದರೆ ಮುಂದಿನ ಇಕ್ಕುಳ, ಎತ್ತಿದರೆ ದೋಣಿ ಇಳಿಯಬಹುದು. ಈ ಕೆಲಸ ನನ್ನ ಬಾಬಿ ಅತ್ತೆಯದಾಗಿತ್ತು. ಬುಟ್ಟಿ ಹೊರುವುದು ನನ್ನದು. ನನಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ. ಅತ್ತೆಯ ಗಂಟಲು ಮಾತ್ರ ದರೆಯ ಮೇಲಿನವರೆಗೂ ಕೇಳುತ್ತಿತ್ತು.

ಕಳೆದ ವರ್ಷ ಇದೇ ಮಳೆಯಲ್ಲಿ ನಮ್ಮ ಗುರಿಕಾರರು, ಅಂದರೆ ಊರಿನ ಯಜಮಾನರು, ನೀರಲ್ಲಿ ಕಾಲಿಟ್ಟು ಕೂಗಿದರು.

"ಹ್ವಾಯ್, ಬನ್ನಿ ಎಲ್ಲ! ತಣ್ಣೀರ್ ಬಂತ್! ಮೀನ್ ಕಾಲಡಿಗೆ ಬಂದ್ ಬಿದ್ದಿತ್ತ್, ಕಾಣಿ!"

ಅತ್ತೆ ಬುಟ್ಟಿ ಎತ್ತಿ ಹಿಡಿದು ಅರಚಿದಳು. "ನಿಲ್ಲಿ ಮರಾಯ್ರೆ! ಏಡಿ ಸತ್ತ್ ಹೋಯ್ತ್!"

ನನ್ನ ಅಣ್ಣ ಸೂರ ಆಗಲೇ ಮೊಣಕಾಲಿನವರೆಗೆ ಇಳಿದಿದ್ದ. ತಿರುಗಿ ನಕ್ಕ. "ಅತ್ತೇ, ನಿನ್ ಏಡಿಗೆ ಪ್ರಾಯ ಆಯ್ತ್, ಅದ್ಕೆ ಸತ್ತದ್ದ್. ಇಷ್ಟ್ ಮೀನ್ ಕಂಡ್ರೆ ನಿಂಗೂ ಎದೆ ಒಡಿತಿತ್ತ್!"

ಎಲ್ಲರೂ ನಕ್ಕರು. ಅವತ್ತು ಬುಟ್ಟಿ ತುಂಬಲು ಬಲೆಯೇ ಬೇಕಾಗಿರಲಿಲ್ಲ, ಕೈಯಲ್ಲೇ ಬಾಚುತ್ತಿದ್ದರು. ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಕೆಲವರು ದಡಕ್ಕೆ ಬಂದರು. ಆಮೇಲೆ ಯಾರೋ ವಾಸನೆ ಹೋಯಿತು ಅಂದರು, ಬಂದವರು ಮತ್ತೆ ಇಳಿದರು. ನೀರಿಗೆ ಹತ್ತಿರವಾಗಿ ಬಗ್ಗಿದವರು ಮೊದಲು ಬಿದ್ದರು. ಅಣ್ಣ ದಣಿದವನ ಹಾಗೆ ನೀರಲ್ಲಿ ಕುಳಿತ. ಅತ್ತೆ ಬುಟ್ಟಿ ನನ್ನ ಕೈಗೆ ಕೊಟ್ಟು ಅವನನ್ನು ಎಳೆಯಲು ಓಡಿದಳು. ಇಬ್ಬರೂ ಬರಲಿಲ್ಲ. ಗುರಿಕಾರರು ಬದುಕಿಕೊಂಡರು. ಅವರಿಗೆ ಈಗಲೂ ಅದು ಯಾವಾಗಲೋ ಒಮ್ಮೆ ಬರುವ ಕೆಟ್ಟ ಗಳಿಗೆ ಅಷ್ಟೆ, ತಣ್ಣೀರಿನ ತಪ್ಪಲ್ಲ.

ಅವರ ಅಂಗಳದಲ್ಲಿ ನಿಮ್ಮ ಕಾಲದ ಒಂದು ಹಳದಿ ತೇಲುಬುಂಡೆ ಇದೆ. ಅವರು ಅದರ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಾರೆ. ಅದು ಸಮುದ್ರದಲ್ಲಿ ನಿಂತು ಆಳದ ನೀರಿನ ತಂಪನ್ನೂ ಹರಿವನ್ನೂ ಉಸಿರನ್ನೂ ಅಳೆಯುತ್ತಿತ್ತಂತೆ. ಒಮ್ಮೆ ಕೆಟ್ಟಾಗ ದಡಕ್ಕೆ ಎಳೆದು ತಂದವರು ಮತ್ತೆ ಬಿಡಲಿಲ್ಲವಂತೆ. ಆಗ ಮೀನು ಸಿಗುತ್ತಿತ್ತು, ಇನ್ನೇನು ಅಳೆಯುವುದು ಎಂದುಕೊಂಡಿರಬೇಕು. ಬರಿನೀರು ಯಾವ ದಿಕ್ಕಿನಿಂದ, ಎಷ್ಟು ಆಳದಿಂದ ಏರುತ್ತದೆ ಎಂದು ಹೇಳುವವರು ಈಗ ಯಾರೂ ಇಲ್ಲ. ನಮಗಿರುವುದು ಏಡಿ ಮಾತ್ರ. ಏಡಿ ನಾಳೆಯದನ್ನು ಹೇಳುವುದಿಲ್ಲ.

ಹಿರಿಯರೇ, ನಾನು ಚಿಕ್ಕವಳು, ನಿಮಗೆ ಬುದ್ಧಿ ಹೇಳುವಷ್ಟು ಓದಿದವಳಲ್ಲ. ಆದರೂ ಕೇಳುತ್ತೇನೆ. ಸಮುದ್ರವನ್ನು ಇನ್ನೂ ಕಾಯಿಸಬೇಡಿ. ಆ ಬುಂಡೆಗಳನ್ನು ದಡಕ್ಕೆ ಎಳೆಯಬೇಡಿ, ಕೆಟ್ಟರೆ ಸರಿಮಾಡಿ ಮತ್ತೆ ನೀರಿಗೆ ಬಿಡಿ. ನಿಮ್ಮ ಮಕ್ಕಳಿಗೆ ತಣ್ಣೀರಿನ ಹಾಡು ಕಲಿಸುವಾಗ ನೀರಿಗೂ ಉಸಿರು ಬೇಕು ಎಂಬುದನ್ನು ಆ ಹಾಡಿನಲ್ಲೇ ಸೇರಿಸಿ. ಹಾಡಲ್ಲಿ ಇಲ್ಲದ್ದನ್ನು ನಮ್ಮವರು ನಂಬುವುದಿಲ್ಲ.

ಈ ವರ್ಷ ತಣ್ಣೀರು ತಡವಾಯಿತು. ಲೋಳೆಮೀನೂ ಮುಗಿಯಿತು. ನನ್ನ ತಂಗಿ ಕುಸುಮಿಗೆ ಎದ್ದು ಕೂರುವ ಶಕ್ತಿ ಇಲ್ಲ. ನಿನ್ನೆ ಅಪ್ಪಯ್ಯ ಬಲೆ ಬಿಡಿಸುತ್ತಾ ಹೇಳಿದರು. "ನಾಳೆ ತಂಪಾದ್ರೆ ನಾ ಇಳಿತೆ ಹೆಣ್ಣೇ. ಕುಸುಮಿ ಹೊಟ್ಟಿಗ್ ನಿನ್ ಏಡಿ ಉತ್ರ ಕೊಡತ್ತಾ?"

ಇವತ್ತು ಬೆಳಿಗ್ಗೆ ನೀರು ತಂಪಾಗಿತ್ತು. ಬೂತಾಯಿ ದಡದ ಅಂಚಿಗೆ ಬಂದು ಬೆಳ್ಳಗೆ ಹೊಳೆಯುತ್ತಿತ್ತು. ಊರೆಲ್ಲ ಬುಟ್ಟಿ ಹಿಡಿದು ನಿಂತಿತ್ತು. ನಾನು ಅತ್ತೆಯ ಹಾಡು ಮನಸ್ಸಿನಲ್ಲೇ ಹೇಳಿ ಹಗ್ಗ ಎಳೆದೆ. ಏಡಿಯ ಕಾಲುಗಳು ಜೋತುಬಿದ್ದಿದ್ದವು. ಕೂಗಬೇಕು ಅಂದುಕೊಂಡೆ, ಬುಟ್ಟಿಯನ್ನು ಮಾತ್ರ ಎತ್ತಿ ಹಿಡಿದೆ.

ಗುರಿಕಾರರು ಗದರಿದರು. "ಬಾಯ್ ಬಿಟ್ ಹೇಳ್ ಹೆಣ್ಣೇ! ಏಡಿ ಹತ್ರ ಮಾತಾಡುಕ್ ಆತ್ತ್, ನಮ್ಮತ್ರ ಆತಿಲ್ಯಾ?"

ಯಾರೋ ನಕ್ಕರು. ಅಪ್ಪಯ್ಯ ಆಗಲೇ ಬಲೆ ಹೆಗಲಿಗೆ ಹಾಕಿ ನೀರಿಗೆ ಕಾಲಿಟ್ಟಿದ್ದರು. ನಾನು ಕಲ್ಲುರಾಶಿ ಇಳಿದು ಅವರ ಹತ್ತಿರ ಓಡಿದೆ, ಆ ಏಡಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಬೆರಳಿನಿಂದ ಅದರ ಕೊಂಬು ಎತ್ತಿದರು, ಕೊಂಬು ಮತ್ತೆ ಬಿತ್ತು. ಆಗ ಹೆಗಲಿನ ಬಲೆ ಮರಳಿಗೆ ಹಾಕಿ ಅದರ ಮೇಲೆಯೇ ಕುಳಿತರು.

"ಸೂರನೂ ಹೀಂಗೇ ಇದ್ದ" ಅಂದರು, ಎಲ್ಲರಿಗೂ ಕೇಳುವ ಹಾಗೆ.

ಆಮೇಲೆ ಯಾರೂ ನಗಲಿಲ್ಲ, ಯಾರೂ ಇಳಿಯಲೂ ಇಲ್ಲ. ಅಷ್ಟರಲ್ಲಿ ವಾಸನೆ ಬರತೊಡಗಿತು, ಎಲ್ಲರೂ ದರೆಯ ಕಡೆ ಓಡಿದೆವು. ಮನೆಯಲ್ಲಿ ಒಲೆ ಹೊತ್ತಿಲ್ಲ, ಕುಸುಮಿಗೆ ಏನು ಕೊಡುವುದೋ ಈಗಲೂ ಗೊತ್ತಿಲ್ಲ. ಅಪ್ಪಯ್ಯನ ಪಾದಗಳು ತಣ್ಣೀರಿನಲ್ಲಿ ಬಿಳಿಚಿಕೊಂಡಿದ್ದವು. ದರೆ ಹತ್ತಿದ ಮೇಲೆ ಅವನ್ನು ನನ್ನ ಸೆರಗಿನಿಂದ ಒರೆಸಿದೆ.