ಇನಾಯತ್‌ನ ಬಲಗೈ ಮತ್ತು ತಮ್ಮ ಹದಿನೇಳನೇ ನಿಯಮ

ಮಾನ್ಯ ವಿಭಾಗ ಮುಖ್ಯಸ್ಥರೇ,

ತಮ್ಮ ಕಲಾ ಇತಿಹಾಸ ವಿಭಾಗದ ಎಂ.ಎ. ಕೊನೆಯ ವರ್ಷದ ವಿದ್ಯಾರ್ಥಿ, ಕುರುಗೋಡಿನ ಇನಾಯತ್‌ನ ಬಲಗೈ ಮುರಿದವನು ನಾನು. ಈ ಮಾತನ್ನು ಸಿರುಗುಪ್ಪದ ಪೊಲೀಸರ ಮುಂದೆ ಹೇಳಿ ಸಹಿ ಹಾಕಿದ್ದೇನೆ, ನಾಳೆ ನ್ಯಾಯಾಲಯದಲ್ಲೂ ಹೇಳುತ್ತೇನೆ. ಆದ್ದರಿಂದ ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿದ್ದೇನೆ ಎಂದು ತಾವು ಗಾಬರಿಯಾಗಬೇಕಿಲ್ಲ. ನಾನು ಅವನ ಕೈ ಮುರಿದೆ. ತಾವು ಆ ಮುರಿದ ಕೈಯನ್ನೇ ಕಾರಣ ಮಾಡಿಕೊಂಡು ಅವನನ್ನು ನಪಾಸು ಮಾಡಲು ಹೊರಟಿದ್ದೀರಿ. ನಾನು ಮಾಡಿದ್ದಕ್ಕೆ ಕಾನೂನಿನಲ್ಲಿ ಒಂದು ಕಲಮು ಇದೆ. ತಾವು ಮಾಡುತ್ತಿರುವುದಕ್ಕೆ ಯಾವ ಕಲಮೂ ಇಲ್ಲವಲ್ಲ ಎಂಬ ಸಿಟ್ಟಿಗೆ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ತಮ್ಮ ವಿಭಾಗ ಅಚ್ಚು ಹಾಕಿಸಿದ ಕಿರುಪುಸ್ತಕ ಈಗ ನನ್ನ ಮುಂದಿದೆ. ‘ಕ್ಷೇತ್ರಕಾರ್ಯ: ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ನಿಯಮಗಳು.’ ಒಟ್ಟು ಮೂವತ್ನಾಲ್ಕು ನಿಯಮ. ರಟ್ಟಿನ ಮೇಲೆ ಕಂದು ಕಲೆಯಿದೆ, ಅದು ರಕ್ತ. ನಾನು ಸಿರುಗುಪ್ಪದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿ, ಆಮೇಲೆ ಮೂವತ್ತು ವರ್ಷ ಭತ್ತ ಬೆಳೆದವನು. ಆದರೂ ಈ ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ನಾಲ್ಕು ಸಲ ಓದಿದ್ದೇನೆ. ನಾಲ್ಕನೇ ನಿಯಮ ಹೇಳುತ್ತದೆ, ಸವೆದ ಶಿಲ್ಪ ಓರೆ ಬೆಳಕಿನಲ್ಲಿ ಮಾತ್ರ ಚೆನ್ನಾಗಿ ಕಾಣುವುದರಿಂದ ನಸುಕಿನಲ್ಲಿ ಇಲ್ಲವೇ ಹೊತ್ತು ಮುಳುಗುವಾಗ ಹೋಗತಕ್ಕದ್ದು. ಏಳನೆಯದು, ಗುಂಪಾಗಿ ಹೋದರೆ ಒಬ್ಬರದನ್ನೊಬ್ಬರು ನಕಲು ಮಾಡುವುದರಿಂದ ಒಬ್ಬೊಬ್ಬರೇ ಹೋಗತಕ್ಕದ್ದು. ಒಂಬತ್ತನೆಯದು, ಗೆರೆ ಕಾಣದಿದ್ದಲ್ಲಿ ಕಲ್ಲಿಗೆ ಅಕ್ಕಿಹಿಟ್ಟು ಸವರತಕ್ಕದ್ದು. ಹನ್ನೊಂದನೆಯದು, ನೆಲದಲ್ಲಿ ಹೂತ ಭಾಗದ ಮಣ್ಣು ಸರಿಸಿ ಅಳತೆ ತೆಗೆಯತಕ್ಕದ್ದು. ಹದಿನಾಲ್ಕನೆಯದಂತೂ ಅಮೋಘ: ಸ್ಥಳೀಯರ ಹೇಳಿಕೆಗಳನ್ನು ಆಧಾರವಾಗಿ ಪರಿಗಣಿಸಕೂಡದು. ಎಂಥ ಚಪ್ಪಲಿ ಹಾಕಿಕೊಳ್ಳಬೇಕು ಎಂಬುದಕ್ಕೂ ಒಂದು ನಿಯಮವಿದೆ. ಊರಿಗೆ ಕಾಲಿಟ್ಟ ಮೇಲೆ ಮೊದಲು ಒಬ್ಬ ಮನುಷ್ಯನನ್ನು ಮಾತನಾಡಿಸು ಎಂಬ ನಿಯಮ ಎಲ್ಲಿದೆ ಸ್ವಾಮಿ? ನಾನು ಹಿಂದಿನ ರಟ್ಟಿನ ಒಳಮೈಯವರೆಗೆ ಹುಡುಕಿದೆ, ಸಿಗಲಿಲ್ಲ.

ಒಬ್ಬನೇ ಬಾ, ಸಂಜೆ ಬಾ, ಯಾರನ್ನೂ ಕೇಳಬೇಡ, ಕಲ್ಲಿಗೆ ಹಿಟ್ಟು ಹಚ್ಚು, ಬುಡ ಅಗೆ. ಇದನ್ನು ನಮ್ಮ ಸೀಮೆಯಲ್ಲಿ ಏನೆನ್ನುತ್ತಾರೆ ಎಂದು ತಮಗೆ ಗೊತ್ತಿಲ್ಲವೇ? ನಿಧಿ ತೆಗೆಯುವುದು ಎನ್ನುತ್ತಾರೆ. ಹೋದ ವರ್ಷ ನಮ್ಮೂರ ಹೊರಗಿನ ಕಲ್ಲಿನ ಬಸವಣ್ಣನ ಕೆಳಗೆ ಆಳುದ್ದ ಅಗೆದು, ಕುತ್ತಿಗೆ ಮುರಿದು ಉರುಳಿಸಿ ಹೋದರು. ಅಲ್ಲಿ ಬಿಟ್ಟುಹೋದದ್ದು ಹಿಟ್ಟಿನಲ್ಲಿ ಬರೆದ ಮಂಡಲ ಮತ್ತು ಕೊಯ್ದ ನಿಂಬೆಹಣ್ಣು. ಅಂದಿನಿಂದ ತೆಕ್ಕಲಕೋಟೆ ರಸ್ತೆಯಿಂದ ಒಳಕ್ಕಿರುವ ನಮ್ಮ ಹಳ್ಳಿಯಲ್ಲಿ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ದೊಣ್ಣೆ ಇದೆ. ಊರಿನ ಹೆಸರು ಬರೆಯುವುದಿಲ್ಲ, ಹೊಡೆದವರು ಆರು ಜನ, ಕೆಟ್ಟ ಹೆಸರು ಎಲ್ಲರಿಗೂ ಬರುವುದು ಬೇಡ.

ನಮ್ಮ ಗದ್ದೆಯ ಅಂಚಿನಲ್ಲಿ ಒಂದು ವೀರಗಲ್ಲು ಇದೆ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತ ನಮ್ಮ ಮನೆತನದ ಹಿರಿಯ ಅವನು ಎಂದು ನಂಬಿಕೊಂಡು ಬಂದವರು ನಾವು. ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುತ್ತೇವೆ. ಫೆಬ್ರವರಿಯ ಒಂದು ಸಂಜೆ ಪಕ್ಕದ ಹೊಲದ ಹುಲುಗೇಶ ಫೋನು ಮಾಡಿದ. “ಅಣ್ಣಾ, ಕಲ್ಲಿನ ಕಡೆ ಲಗೂ ಬಾ. ಯಾವನೋ ಹಿಟ್ಟು ಬಳದು ಬುಡಕ ಅಗ್ಯಾಕ ಹತ್ಯಾನ.” ನಾನು ದೊಣ್ಣೆ ಹಿಡಿದು ಓಡಿದೆ. ಬದುವಿನ ಮೇಲೆ ಓಡುವಾಗ ನನಗೆ ಏನನ್ನಿಸಿತು ಗೊತ್ತೇ? ಖುಷಿ. ಒಂದು ವರ್ಷದಿಂದ ಕಾಯುತ್ತಿದ್ದೆ ಸ್ವಾಮಿ, ಆ ಬಸವಣ್ಣನ ಕುತ್ತಿಗೆಗೆ ಬದಲಾಗಿ ಒಂದು ಕುತ್ತಿಗೆ ಬೇಕಾಗಿತ್ತು ನನಗೆ.

ಮಂಡಿಯೂರಿ ಕೂತಿದ್ದ ಹುಡುಗ ತಲೆ ಎತ್ತುವುದರೊಳಗೆ ಹುಲುಗೇಶ ಬೆನ್ನಿಗೆ ಒದ್ದ. ಅಷ್ಟರಲ್ಲಿ ಇನ್ನೂ ನಾಲ್ವರು ಬಂದರು, ಚೀಲ ಸುರಿದೆವು. ಅಳತೆ ಟೇಪು, ಬ್ರಷ್ಷು, ಹಿಟ್ಟಿನ ಪೊಟ್ಟಣ, ಸಣ್ಣ ಕರಣಿ, ಎರಡು ನಿಂಬೆಹಣ್ಣು. ನಿಂಬೆಹಣ್ಣು ನೋಡಿದ್ದೇ ತಡ, ನಮ್ಮಲ್ಲಿ ಇನ್ನು ಯಾರಿಗೂ ಅನುಮಾನ ಉಳಿಯಲಿಲ್ಲ. ಬಿಸಿಲಿಗೆ ಪಾನಕ ಮಾಡಿಕೊಂಡು ಕುಡಿಯಲಿ ಎಂದು ಅವನ ತಾಯಿ ಕುಲ್ಸುಂಬೀ ಬುತ್ತಿಯ ಜೊತೆ ಇಟ್ಟದ್ದಂತೆ ಅವು. “ಯಾವೂರಲೇ, ಏನು ನಿನ್ನ ಹೆಸರು?” ಎಂದೆ. “ಇನಾಯತ್ ರೀ, ಕುರುಗೋಡು. ಸ್ಟೂಡೆಂಟ್ ಅದೀನ್ರಿ, ಹೊಡೀಬ್ಯಾಡ್ರಿ” ಎಂದ. ಹೆಸರು ಕೇಳಿದ ಮೇಲೆ ಹೊಡೆತ ಇನ್ನೂ ಜೋರಾಯಿತು. ಇದನ್ನು ಬಚ್ಚಿಟ್ಟರೆ ಈ ಪತ್ರ ಬರೆದೂ ದಂಡ. ಬಾಯಲ್ಲಿ ರಕ್ತ ಬಂತು, ಹಲ್ಲು ಬಿತ್ತು. ಅಷ್ಟರಲ್ಲೂ ಅವನು ತೆವಳಿಕೊಂಡು ಹೋಗಿ ಏನನ್ನೋ ಎತ್ತಿ ನನ್ನ ಕಡೆ ಚಾಚಿದ. “ನೋಡ್ರಿ ಸರ, ಇದರಾಗ ಬರದೈತಿ.” ಅದು ತಮ್ಮ ಪುಸ್ತಕ. ಪುಸ್ತಕ ಚಾಚಿದ ಕೈಗೇ ನಾನು ಬೀಸಿದ್ದು. ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು ಬಂತು. ಸಾಲದೆಂದು ಇನ್ನೊಂದು ಹೊಡೆದೆ.

ಬಿಡಿಸಿದವಳು ನನ್ನ ತಾಯಿ ಎರ್ರಮ್ಮ. ಗಲಾಟೆ ಕೇಳಿ ಮನೆಯಿಂದ ಕುಂಟುತ್ತ ಬಂದವಳು ಅವನ ಮೇಲೆ ಅಡ್ಡ ಬಿದ್ದಳು. ನೆಲದ ಮೇಲಿದ್ದ ಅವನ ನೋಟುಬುಕ್ಕು ಎತ್ತಿ ನನ್ನ ಮುಖಕ್ಕೆ ಹಿಡಿದಳು. “ಲೇ ಬಸ್ಯಾ, ಕಣ್ಣು ಇಂಗಿ ಹೋಗ್ಯಾವೇನಲೇ? ಕಳವು ಮಾಡಾಕ ಬಂದವ ಚಿತ್ರ ಬರಕೊಂತ ಕುಂದರ್ತಾನೇನು?” ಓದು ಬಾರದ ಎಂಬತ್ತರ ಮುದುಕಿ ಒಂದು ನೋಟಕ್ಕೆ ಕಂಡುಕೊಂಡದ್ದನ್ನು ಇತಿಹಾಸದ ಪದವೀಧರನಾದ ನಾನು ಕಾಣಲಿಲ್ಲ. ಅವನು “ಯವ್ವಾ, ಯವ್ವಾ” ಎನ್ನುತ್ತ ಅವಳ ಸೀರೆ ಕಚ್ಚಿ ಹಿಡಿದಿದ್ದ. ಅವನನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನನ್ನದೇ ಜೀಪಿನಲ್ಲಿ, ಅದನ್ನು ಪುಣ್ಯದ ಕೆಲಸವೆಂದು ಹೇಳಿಕೊಳ್ಳುತ್ತಿಲ್ಲ. ಮುಂಗೈಯ ಎರಡೂ ಎಲುಬು, ಮೂರು ಬೆರಳು. ಒಳಗೆ ರಾಡು ಹಾಕಿದ್ದಾರೆ. ಬೆರಳು ಮಡಚಲು ಎಂಟು ತಿಂಗಳಾದರೂ ಬೇಕು, ಮೊದಲಿನಂತೆ ಆಗುತ್ತವೆಂದು ಹೇಳಲಾಗದು ಎಂದರು ಡಾಕ್ಟರು.

ಅವನು ತಮ್ಮ ವಿಭಾಗದಿಂದ ಗುರುತಿನ ಪತ್ರಕ್ಕೆ ಅರ್ಜಿ ಹಾಕಿ ಒಂದು ತಿಂಗಳು ಕಾದಿದ್ದನಂತೆ. ಮೊಹರು ಹೊತ್ತ ಆ ಪತ್ರ ಅಂಚೆಯಲ್ಲಿ ಕುರುಗೋಡು ತಲುಪಿದ್ದು ಆಪರೇಷನ್ನಿನ ಮರುದಿನ. ‘ಸಾರ್ವಜನಿಕರು ಇವರಿಗೆ ಸಹಕರಿಸಬೇಕಾಗಿ ಕೋರಿದೆ’ ಎಂದಿದೆ ಅದರಲ್ಲಿ. ನಾವು ಆಗಲೇ ಸಹಕರಿಸಿ ಮುಗಿದಿತ್ತು.

ಈಗ ತಮ್ಮ ಹದಿನಾಲ್ಕನೇ ನಿಯಮಕ್ಕೆ ಬರುತ್ತೇನೆ. ಹಿಟ್ಟು ಸವರಿ ಮಣ್ಣು ಸರಿಸಿದಾಗ ಇನಾಯತ್ ಕಂಡದ್ದು ಒಂದು ತೋಳು. ಮೊಣಕೈ ಮಡಚಿ ಮೇಲೆತ್ತಿದ, ಮುಂಗೈ ತುಂಬ ಬಳೆ ತೊಟ್ಟ ಹೆಣ್ಣಿನ ತೋಳು, ಸಹಗಮನ ಮಾಡಿದವಳ ಗುರುತಂತೆ ಅದು. ನಮ್ಮ ವೀರನ ಜೊತೆ ಅವನ ಹೆಂಡತಿಯೂ ಬೆಂಕಿಗೆ ಬಿದ್ದು ಸತ್ತಿದ್ದಾಳೆ, ಅದು ಬರೀ ವೀರಗಲ್ಲಲ್ಲ, ಮಾಸ್ತಿಯೂ ಇರುವ ಕಲ್ಲು ಎಂದು ಆಸ್ಪತ್ರೆಯ ಮಂಚದಲ್ಲಿ ಒಡೆದ ತುಟಿಯಲ್ಲಿ ವಿವರಿಸಿದ. ಚಿಕ್ಕಂದಿನಿಂದ ಅದಕ್ಕೆ ಎಣ್ಣೆ ಹಚ್ಚಿದವನಿಗೆ ಅವಳು ಅಲ್ಲಿರುವುದು ಗೊತ್ತಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ಮನೆಯ ಹೆಂಗಸರು ವರ್ಷಕ್ಕೊಮ್ಮೆ ಆ ಕಲ್ಲಿನ ಬುಡಕ್ಕೆ ಹಸಿರು ಬಳೆ ಇಟ್ಟು ಬರುತ್ತಾರಂತೆ. “ಗಂಡಸಿನ ಕಲ್ಲಿಗೆ ಬಳಿ ಯಾಕವ್ವಾ?” ಎಂದೆ. “ನಮ್ಮತ್ತಿ ಇಡತಿದ್ಲು, ನಾನೂ ಇಡತೀನಿ. ನೀವು ಗಂಡಸರು ಒಬ್ಬರೂ ಕೇಳಲಿಲ್ಲ, ನಾವೂ ಹೇಳಲಿಲ್ಲ” ಎಂದಳು.

ಇದು ಆಧಾರವಲ್ಲವೇ ಮಾನ್ಯರೇ? ಕಲ್ಲಿನಲ್ಲಿ ಸವೆದುಹೋದದ್ದನ್ನು ಹೆಂಗಸರು ಬಳೆಯಲ್ಲಿ ಉಳಿಸಿಕೊಂಡು ಬಂದರೆ ಅದು ‘ಸ್ಥಳೀಯರ ಹೇಳಿಕೆ’ಯೇ? ತಮ್ಮ ವಿದ್ಯಾರ್ಥಿ ಮೊದಲು ನಮ್ಮ ಕಟ್ಟೆಗೆ ಬಂದು ಕೂತಿದ್ದರೆ ಅವ್ವ ಚಹಾ ಕೊಟ್ಟು ಈ ಮಾತು ಹೇಳುತ್ತಿದ್ದಳು, ನಾನೇ ಅವನಿಗೆ ಮಣ್ಣು ಸರಿಸಿಕೊಡುತ್ತಿದ್ದೆ, ದೊಣ್ಣೆ ಬಾಗಿಲ ಹಿಂದೆಯೇ ಇರುತ್ತಿತ್ತು. ಹೊಡೆದವರು ನಾವು, ಸರಿ. ಆದರೆ ಅವನನ್ನು ಕಳ್ಳನ ವೇಷ ಹಾಕಿ ಕಳಿಸಿದವರು ಯಾರು? ಜನರಿಲ್ಲದ ಕಲೆ, ಜನರಿಲ್ಲದ ಇತಿಹಾಸ ತಮಗೆ ಬೇಕಾಗಿದ್ದರೆ ಯಾವುದಾದರೂ ಬೆಂಗಾಡಿಗೆ ಕಳಿಸಿ. ನಮ್ಮ ಕಲ್ಲುಗಳ ಸುತ್ತ ನಾವು ಬದುಕಿದ್ದೇವೆ, ನಾವು ಒಳ್ಳೆಯ ಜನವೇನೂ ಅಲ್ಲ, ಆ ಎಚ್ಚರವಾದರೂ ತಮ್ಮ ಪುಸ್ತಕದಲ್ಲಿ ಇರಬೇಡವೇ?

ಏಪ್ರಿಲಿನಲ್ಲಿ ಅವನ ತಂದೆ ಹಸನಸಾಬ್ ಮತ್ತು ನಾನು ತಮ್ಮ ಕಚೇರಿಗೆ ಬಂದಿದ್ದೆವು. ತಮಗೆ ನೆನಪಿರಲಿಕ್ಕಿಲ್ಲ, ತಾವು ಮೊಬೈಲು ನೋಡುತ್ತಿದ್ದಿರಿ. ಹುಡುಗ ಬಾಯಲ್ಲಿ ಹೇಳುತ್ತಾನೆ, ಇನ್ನೊಬ್ಬರು ಬರೆದುಕೊಡಲಿ ಎಂದು ಬೇಡಿಕೊಂಡೆವು. ತಾವು ಹದಿನೇಳನೇ ನಿಯಮ ತೋರಿಸಿದಿರಿ. ‘ವರದಿ ಹಾಗೂ ರೇಖಾಚಿತ್ರಗಳು ವಿದ್ಯಾರ್ಥಿಯ ಸ್ವಹಸ್ತದಲ್ಲೇ ಇರತಕ್ಕದ್ದು, ತಪ್ಪಿದಲ್ಲಿ ಅಸಿಂಧು.’ ಘಟನೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಹೊರಗೆ ನಡೆದದ್ದು, ಮುಂದಿನ ವರ್ಷ ಮತ್ತೆ ನೋಂದಣಿ ಮಾಡಿಸಲಿ ಎಂದಿರಿ. ಕಳಿಸುವುದು ವ್ಯಾಪ್ತಿಯ ಒಳಗೆ, ಏಟು ತಿನ್ನುವುದು ವ್ಯಾಪ್ತಿಯ ಹೊರಗೆ! ಆಮೇಲೆ ನನ್ನ ಕಡೆ ತಿರುಗಿ ‘ಇವರು ಯಾರು?’ ಎಂದು ಕೇಳಿದಿರಿ. ಹಸನಸಾಬ್ ಶಾಂತವಾಗಿ “ನಮ್ಮ ಕಡೀಯವರ ರೀ” ಎಂದರು. ಮಗನ ಕೈ ಮುರಿದವನನ್ನು ಆ ಮನುಷ್ಯ ತಮ್ಮೆದುರು ಹಾಗೆ ಕರೆದರು. ನಾನು ಹೊರಗೆ ಬಂದು ತಮ್ಮ ವಿಭಾಗದ ಗೋಡೆಗೆ ಮುಖ ಹಚ್ಚಿ ಅತ್ತೆ.

ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟು: “ಈ ವರ್ಷ ತಪ್ಪಿದ್ರ ಅವ ಮತ್ತ ಓದಾಕ ಹೋಗಂಗಿಲ್ಲ ಬಸಪ್ಪಾರ. ‘ಅಬ್ಬಾ, ನಾನೂ ನಿನ್ನ ಜೊತಿ ಬಾಗಿಲಾ ಮಾಡ್ತೀನಿ’ ಅಂತಾನ. ಉಳಿ ಹಿಡಿಯಾಕರ ಕೈ ಎಲ್ಲೈತಿ ಅವಗ?” ಅವರು ಬಡಗಿ, ಕುರುಗೋಡಿನ ಎಷ್ಟೋ ಮನೆಗಳ ಬಾಗಿಲು ಅವರದೇ ಕೆಲಸ.

ಅಂದಿನಿಂದ ಪ್ರತಿ ಭಾನುವಾರ ನಾನು ಕುರುಗೋಡಿಗೆ ಹೋಗುತ್ತೇನೆ. ಅವನು ಹೇಳುತ್ತಾನೆ, ಅವನ ತಂಗಿ ತಬಸ್ಸುಮ್ ಬರೆದುಕೊಳ್ಳುತ್ತಾಳೆ, ಚಿತ್ರದ ಗೆರೆ ನಾನು ಎಳೆಯುತ್ತೇನೆ. ನನ್ನ ಗೆರೆ ನೋಡಿದರೆ ಅವನಿಗೆ ಮೈ ಉರಿಯುತ್ತದೆ. “ಕಾಕಾ, ತೋಳು ಅಲ್ಲಿ ಬರಂಗಿಲ್ಲ, ಅಳಸ್ರಿ. ದಿನಾ ನೋಡೋ ಕಲ್ಲು ಐತಿ, ನಿಮಗ ಇಷ್ಟೂ ಗೊತ್ತಿಲ್ಲೇನು?” ಎಂದು ಗದರುತ್ತಾನೆ. ಒಂದು ತೋಳನ್ನು ಹನ್ನೊಂದು ಸಲ ಅಳಿಸಿದ್ದೇನೆ. ‘ಎಡಗೈಯಲ್ಲಿ ನಾನೇ ಬರೆದೆ’ ಎಂದು ಒಂದು ಸಹಿ ಮಾಡಿಬಿಡಪ್ಪಾ, ಯಾರು ನೋಡುತ್ತಾರೆ ಎಂದು ನಾನು ಒಮ್ಮೆ ಅಂದೆ. “ಸುಳ್ಳು ಬರದು ಪಾಸಾದ್ರ ಆ ಕಲ್ಲಿನ ಹೆಂಗಸಿಗೆ ಏನು ಹೇಳ್ಲಿ ಕಾಕಾ?” ಎಂದ. ಇಂಥ ವಿದ್ಯಾರ್ಥಿಯನ್ನು ತಮ್ಮ ನಿಯಮ ಅಸಿಂಧು ಎನ್ನುತ್ತಿದೆ. ಥೂ ಎನ್ನಬೇಕೆನಿಸುತ್ತದೆ, ಅನ್ನುವ ಯೋಗ್ಯತೆ ನನಗಿಲ್ಲ.

ಬರುವ ಸೋಮವಾರ ಕೊನೆಯ ದಿನ. ಅಂದು ನಾವು ಆ ವರದಿ ತಂದು ತಮ್ಮ ಮೇಜಿನ ಮೇಲೆ ಇಡುತ್ತೇವೆ, ನನ್ನ ಅವ್ವನೂ ಬರುತ್ತಾಳೆ. ‘ಹೇಳಿದವನು ವಿದ್ಯಾರ್ಥಿ, ಬರೆದವಳು ತಂಗಿ, ಚಿತ್ರ ತೆಗೆದವನು ಹಲ್ಲೆ ಮಾಡಿದವನು’ ಎಂದು ಮೊದಲ ಪುಟದಲ್ಲೇ ಇದೆ. ಅದನ್ನು ಹಾಗೆಯೇ ಸ್ವೀಕರಿಸಿ, ಬೇಕಾದರೆ ಎರಡು ತಾಸು ಅವನನ್ನು ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿ, ಮುರಿದದ್ದು ಕೈ ಮಾತ್ರ. ಮುಂದಿನ ಬ್ಯಾಚಿನ ಮಕ್ಕಳನ್ನು ಕಳಿಸುವ ಮೊದಲು ಹದಿನಾಲ್ಕನೇ ನಿಯಮ ಹೊಡೆದುಹಾಕಿ, ಊರವರನ್ನು ಕೇಳಿ ಕಲ್ಲು ಮುಟ್ಟು ಎಂದು ಮೊದಲನೇ ನಿಯಮ ಬರೆಯಿರಿ. ಇಲ್ಲ, ನಮ್ಮ ನಿಯಮ ನಿಯಮವೇ ಎನ್ನುವುದಾದರೆ, ನಪಾಸಿನ ಕಾಗದವನ್ನು ಅಂಚೆಗೆ ಹಾಕಬೇಡಿ. ತಾವೇ ಕುರುಗೋಡಿಗೆ ತೆಗೆದುಕೊಂಡು ಹೋಗಿ ಹಸನಸಾಬರ ಕೈಗೆ ಕೊಡಿ. ಅವರು ಬೈಯುವುದಿಲ್ಲ. ಅವರೇ ಮಾಡಿದ ಕುರ್ಚಿಯ ಧೂಳು ಒರೆಸಿ ತಮ್ಮನ್ನು ಕೂರಿಸುತ್ತಾರೆ, ಕುಲ್ಸುಂಬೀ ಒಳಗಿನಿಂದ ಚಹಾ ಕಳಿಸುತ್ತಾರೆ, ಇನಾಯತ್ ಎಡಗೈಯಲ್ಲಿ ಕಪ್ಪುಬಸಿ ಹಿಡಿದು ತಂದು ಕೊಡುತ್ತಾನೆ. ನಾನು ಆ ಚಹಾ ಕುಡಿದಿದ್ದೇನೆ. ದೊಣ್ಣೆ ಏಟು ಎಷ್ಟೋ ವಾಸಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆದುಕೊಳ್ಳಲಾರದ,
ಮರಿಬಸಪ್ಪ, ಬಿ.ಎ. (ಇತಿಹಾಸ),
ಒಂದನೇ ಆರೋಪಿ,
ಸಿರುಗುಪ್ಪ ತಾಲ್ಲೂಕು