ಬರೀ ಉಷ್ಣ ಅಲ್ಲ, ಸುನೀಲ

ಮಾದನಹಿಪ್ಪರಗಾ
14 ನವೆಂಬರ್ 2024

ಚಿರಂಜೀವಿ ಸುನೀಲಕುಮಾರನಿಗೆ ನಿನ್ನವ್ವನ ಮನಸಾರೆ ಆಶೀರ್ವಾದ.

ನೀನು ಅಫಜಲಪುರದ ಫ್ಯಾಕ್ಟರಿ ಕೆಲಸಕ್ಕೆ ವಾಪಸು ಹೋದ ಮರುದಿನವೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಎದುರಿಗೇ ಕೂತಿರುತ್ತಾರೆ. ಅದಕ್ಕೇ ಇದನ್ನು ರೊಟ್ಟಿ ಗಂಟಿನಲ್ಲಿಟ್ಟು ಕಳಿಸುತ್ತಿದ್ದೇನೆ. ಒಬ್ಬನೇ ಇದ್ದಾಗ ಓದು.

ಇಜೇರಿಯ ಬೀಗರು ಮದುವೆ ಸೀರೆ ಆರಿಸಲು ಕರೆಯುತ್ತಿದ್ದಾರೆ. ಶಾಂಭವಿ ದಿನಾ ಫೋನ್ ಮಾಡಿ, "ಅತ್ತಿ, ಊಟ ಆತ್ರಿ?" ಅಂತ ಕೇಳುತ್ತಾಳೆ. ಆ ಹುಡುಗಿಯ ದನಿ ಕೇಳಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಿಶ್ಚಿತಾರ್ಥಕ್ಕೆ ಬಂದವನು ಒಂದಕ್ಕೆ ಹೋದಾಗೆಲ್ಲ ಬಚ್ಚಲಿನಿಂದ ಹಲ್ಲು ಕಚ್ಚಿಕೊಂಡು ಹೊರಬರುತ್ತಿದ್ದೆ. ನಿಮ್ಮಪ್ಪ, "ಫ್ಯಾಕ್ಟರಿ ಕಾವು. ಉಷ್ಣ ಆಗ್ಯಾದ, ಹೊಕ್ಕುಳಕ್ಕ ಔಡಲೆಣ್ಣಿ ಹಚ್ಕೋ" ಅಂದರು. ನಾನೂ ಪೆದ್ದಿ, ಕೊತ್ತಂಬರಿ ಬೀಜದ ನೀರು ಕುದಿಸಿ ಕೊಟ್ಟೆ. ಆಮೇಲೆ ಬಟ್ಟೆ ಒಗೆಯುವಾಗ ನಿನ್ನ ಚಡ್ಡಿಯಲ್ಲಿ ಕೀವಿನ ಕಲೆ ಕಂಡಿತು. ನಾಚಿಕೆ ಬಿಟ್ಟು ಆಳಂದಕ್ಕೆ ಹೋಗಿ ಡಾಕ್ಟರಮ್ಮನನ್ನು ಕೇಳಿದೆ.

"ಉಷ್ಣಕ್ಕ ಉರಿ ಆಗಬಹುದ್ರಿ, ಕೀವು ಬರಂಗಿಲ್ಲ" ಅಂದರು. ಹರಳಿದ್ದರೆ, ಆಸ್ಪತ್ರೆಯಲ್ಲಿ ಮೂತ್ರಕ್ಕೆ ನಳಿಗೆ ಹಾಕಿದ್ದರೆ, ಸಾಬೂನು ಒಗ್ಗದಿದ್ದರೂ ಮೂತ್ರನಾಳ ಬಾತು ಉರಿಯುವುದುಂಟಂತೆ. ಕೀವು ಬಂತೆಂದರೆ ಮಾತ್ರ ಹೆಚ್ಚಾಗಿ ಅದು ಸಂಗದಿಂದ ದಾಟುವ ರೋಗಾಣು. ನಿರೋಧ್ ಇಲ್ಲದೆ ಕೂಡಿದರೆ, ಹಲವರೊಂದಿಗೆ ಕೂಡಿದರೆ ಅಪಾಯ ಹೆಚ್ಚು. ಬರೆಯುತ್ತ ನನ್ನ ಮುಖ ಬಿಸಿಯಾಗುತ್ತಿದೆ.

ಹಾಲು ಉಕ್ಕಿತು, ಎದ್ದು ಹೋಗಿ ಬಂದೆ.

ಅಂಗಡಿಯಿಂದ ತಂದ ಎರಡು ಗುಳಿಗೆಗೆ ಉರಿ ಅಡಗಿದರೂ ರೋಗ ಉಳಿಯಬಹುದಂತೆ. "ಹೆಂಡ್ತಿಗೆ ಹತ್ತಿದ್ರ ಎಷ್ಟೋ ಸಲ ಆಕಿಗೆ ಗೊತ್ತೂ ಆಗೂದಿಲ್ರಿ. ಒಳಗ ಗರ್ಭನಾಳ ಮುಚ್ಚಿ ಹೋಗಬಹುದು" ಅಂದರು.

ಯಾರು, ಎಲ್ಲಿ ಅಂತ ನಾನು ಕೇಳುವುದಿಲ್ಲ. ನೀನು ಕೂಡಿದವಳು ಯಾರೇ ಇರಲಿ, ಅವಳಿಗೂ ಹೇಳು, ಅವಳೂ ತೋರಿಸಿಕೊಳ್ಳಲಿ. ನೀನು ತಪಾಸಣೆ ಮಾಡಿಸಿ ಔಷಧ ಪೂರ್ತಿ ತೆಗೆದುಕೋ. ಗುಣವಾಯಿತೆಂದು ಡಾಕ್ಟರು ಹೇಳುವವರೆಗೆ ನಾನು ಇಜೇರಿಗೆ ಕಾಲಿಡುವುದಿಲ್ಲ. ನಿಮ್ಮಪ್ಪ ಏನಂದರೂ ಸರಿ.

ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ನೂರು ವರ್ಷ ಬಾಳು.

ನಿನ್ನ ಅವ್ವ,
ಗೌರಾಬಾಯಿ

ತಾ.ಕ.: ನೀನಿನ್ನೂ ತೊಟ್ಟಿಲಲ್ಲಿದ್ದಾಗ ನಿಮ್ಮಪ್ಪನಿಗೂ ಹೀಗೇ ಆಗಿತ್ತು. ಆಮೇಲೆ ನಾನು ಮತ್ತೆ ಬಸಿರಾಗಲೇ ಇಲ್ಲ. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಅಂತ ನಿಮ್ಮಜ್ಜಿ ಸಾಯುವವರೆಗೂ ನನ್ನನ್ನೇ ಚುಚ್ಚಿದಳು. ಚೌಡಾಪುರದಿಂದ ಗಾಣಗಾಪುರಕ್ಕೆ ಬರಿಗಾಲಲ್ಲಿ ನಡೆದು ಹರಕೆ ಹೊತ್ತವಳೂ ನಾನೇ. ಮೊನ್ನೆ ಆಳಂದದಿಂದ ಬಂದವಳೇ ನಿಮ್ಮಪ್ಪನನ್ನು ಕೇಳಿದೆ, "ಆವಾಗ ನಿಮಗ ಗೊತ್ತಿತ್ತೇನ್ರಿ?"

ಪೇಪರಿನಿಂದ ತಲೆ ಎತ್ತದೆ ಅಂದರು: "ಹೆಂಡ್ತಿಗೂ ಗುಳಿಗಿ ಕೊಡು ಅಂತ ಡಾಕ್ಟರ್ ಹೇಳಿದ್ದ. ನಿನಗ ಹೆಂಗ ಹೇಳ್ಲಿ?"