ಮೀನಿಗೆ ಹಿಡಿದ ಬ್ಯಾಟರಿ ವಾಪಸ್ ಕೊಡಿ

ನಮ್ಮ ಸೀಮೆಯ ಕೆರೆ, ಕುಂಟೆ, ಬಾವಿಗಳ ಮೀನುಗಳ ಯೋಗಕ್ಷೇಮ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಬ್ಯಾಟರಿ ಕೊಡಿ. ಪತ್ರದ ಸಾರಾಂಶ ಇಷ್ಟೇ. ತಮಗೆ ಅರ್ಜಿ ಓದಲು ಪುರುಸೊತ್ತಿಲ್ಲ ಎಂದು ತಮ್ಮ ಕಚೇರಿಯವರು ಹೋದಾಗಲೆಲ್ಲ ಹೇಳುವುದರಿಂದ ಸಾರಾಂಶವನ್ನು ಮೊದಲೇ ಬರೆದುಬಿಟ್ಟೆ. ಪುರುಸೊತ್ತಾದರೆ ಮುಂದಕ್ಕೂ ಓದಿ. ತಾವು ಓದದಿದ್ದರೂ ಜಿಲ್ಲೆಯ ಜನ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹೋಳೂರು ರಸ್ತೆಯಲ್ಲಿ ಸೈಕಲ್ ಶಾಪು ಇಟ್ಟುಕೊಂಡಿರುವವನು. ಪಂಕ್ಚರ್ ಹಾಕುವುದು ಕಸುಬು, ಬಾವಿಗೆ ಮುಳುಗುವುದು ಚಟ. ಕೆರೆ ಕೋಡಿ ಹರಿದ ವರ್ಷ ನಮ್ಮೂರಿನ ದೊಡ್ಡ ಕುಳ ಶ್ರೀರಾಮಪ್ಪನವರ ತೋಟದ ಬಾವಿಗೆ ನೀರಿನ ಜೊತೆ ಕೊರಮೀನೂ ಬಂದು ಸೇರಿಕೊಂಡವು. ಕೊರಮೀನಿನ ಬುದ್ಧಿ ತಮಗೆ ಹೇಳಬೇಕಾಗಿಲ್ಲ. ಬಲೆ ಇಳಿದ ಸದ್ದಾದರೆ ಸಾಕು, ಬಾವಿಯ ಕಲ್ಲುಕಟ್ಟಡದ ಸಂದಿಗೆ ನುಗ್ಗಿ ಅಲ್ಲೇ ಬಿಡಾರ ಹೂಡುತ್ತದೆ. ಎರಡಾಳು ಆಳಕ್ಕೆ ಹೋದರೆ ನಡುಮಧ್ಯಾಹ್ನವೂ ಅಲ್ಲಿ ಕತ್ತಲೆ. ಅದಕ್ಕೆಂದೇ ನನ್ನ ಮೂರು ಸೆಲ್ಲಿನ ಟಾರ್ಚಿಗೆ (ನಮ್ಮ ಕಡೆ ಅದನ್ನು ಬ್ಯಾಟರಿ ಅಂತಲೇ ಕರೆಯುವುದು) ಹಳೇ ಸೈಕಲ್ ಟ್ಯೂಬಿನ ಅಂಗಿ ತೊಡಿಸಿ, ಗಾಜಿನ ಅಂಚಿಗೆ ಪಂಕ್ಚರ್ ಸಲ್ಯೂಷನ್ ಬಳಿದೆ. ಬಿದಿರು ಗಳುವಿನ ತುದಿಗೆ ಚೂಪು ಮಾಡಿದ ಸೈಕಲ್ ಕಡ್ಡಿಗಳನ್ನು ಬಿಗಿದರೆ ಈಟಿ ಆಯಿತು. ಉಸಿರು ಕಟ್ಟಿ ಮುಳುಗಿ, ಬೆಳಕು ಬಿಟ್ಟುಕೊಂಡು ಅಲ್ಲಾಡದೆ ಇದ್ದರೆ ಮೊದಲು ಸಣ್ಣ ಮರಿಮೀನುಗಳು ಬೆಳಕಿಗೆ ಮುತ್ತುತ್ತವೆ. ಅವನ್ನು ನುಂಗುವ ಆಸೆಗೆ ಕೊರಮೀನು ಸಂದಿಯಿಂದ ಮೂತಿ ಹೊರಗೆ ಹಾಕುತ್ತದೆ. ಆಗ ತಿವಿಯುವುದು. ಇದರಲ್ಲಿ ದೇವರಹಸ್ಯ ಏನೂ ಇಲ್ಲ.

ಇದೆಲ್ಲ ತಮಗೆ ಗೊತ್ತೇ ಇದೆ, ಯಾಕೆಂದರೆ ತಾವೇ ನೋಡಿದ್ದೀರಿ. ಈ ವರ್ಷ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ತಾವು ಕೆರೆ ತನಿಖೆಗೆಂದು ಜೀಪಿನಲ್ಲಿ ಬಂದು, ಕೆರೆಯನ್ನು ಏರಿಯ ಮೇಲಿಂದಲೇ ನೋಡಿ, ಶ್ರೀರಾಮಪ್ಪನವರ ಮನೆಯಲ್ಲಿ ಊಟಕ್ಕೆ ಕೂತಿರಿ. ರಾಗಿಮುದ್ದೆ, ಹುಣಸೆಹುಳಿ ಹಾಕಿದ ಕೊರಮೀನಿನ ಸಾರು. ತಾವು ಬೆರಳು ಚೀಪಿಕೊಂಡು, "ಎಲ್ಲಿಂದ ತರಿಸಿದ್ರಿ ಈ ಮೀನು?" ಅಂದಿರಿ. ನಮ್ಮ ಜನಕ್ಕೆ ಒಂದು ಕಾಯಿಲೆ ಇದೆ. ನೆಂಟರು ಊಟ ಮೆಚ್ಚಿದರೆ ಅಡುಗೆಯ ಜಾತಕವನ್ನೇ ಬಿಚ್ಚಿ ಓದುತ್ತೇವೆ. ಶ್ರೀರಾಮಪ್ಪನವರು ಉಬ್ಬಿಹೋಗಿ, "ಬಲೇಲಿ ಹಿಡ್ದಿದ್ದಲ್ಲ ಸಾರ್ ಇದು. ನಮ್ಮ ಕೋದಂಡ ಬಾವಿಗೆ ಮುಳುಗಿ, ನೀರೊಳಗೇ ಬ್ಯಾಟ್ರಿ ಬಿಟ್ಟು ಚುಚ್ಚಿದ್ದು! ಏನ್ಲಾ ಕೋದಂಡ, ಬಾರ್ಲಾ, ಸಾಹೇಬ್ರಿಗೆ ಒಂದ್ಸಲ ತೋರ್ಸು!" ಎಂದು ಕೂಗಿದರು.

ನಾನೂ ಅದೇ ಮಣ್ಣಿನವನು. ಮುಳುಗಿ ತೋರಿಸಿದೆ. ತಾವು ಬಾವಿಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ, ಬುಡದಲ್ಲಿ ಬೆಳಕು ಓಡಾಡುವುದನ್ನು ನೋಡಿ, ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಿರಿ. "ಭೇಷ್! ನೀರಲ್ಲೂ ಉರಿಯುತ್ತಲ್ಲಯ್ಯ ಇದು!" ಅಂದಿರಿ. ನನಗೆ ವಸ್ತುಪ್ರದರ್ಶನದಲ್ಲಿ ಒಂದು ಬಹುಮಾನವಾದರೂ ಬರುತ್ತದೆ ಎಂದು ಊರೆಲ್ಲ ಮಾತಾಡಿಕೊಂಡಿತು. ಬಂದದ್ದು ತಮ್ಮ ನೋಟೀಸು. "ಬೆಳಕಿನ ಆಮಿಷವೊಡ್ಡಿ ಜಲಚರಗಳನ್ನು ವಂಚಿಸಿ, ಈಟಿಯಿಂದ ಇರಿದ" ಅಪರಾಧಕ್ಕಾಗಿ ಬ್ಯಾಟರಿಯನ್ನೂ ಈಟಿಯನ್ನೂ ಜಪ್ತಿ ಮಾಡಿದಿರಿ. ಮೀನನ್ನು ಮಾತ್ರ ಜಪ್ತಿ ಮಾಡಲಿಲ್ಲ. ಅದು ಆಗಲೇ ತಮ್ಮ ವಶದಲ್ಲಿತ್ತು. ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದೇನೆ; ಉಂಡ ಮೀನಿನ ಪರವಾಗಿ ಕೇಸು ಹಾಕಿದವರನ್ನು ಕಂಡದ್ದು ಇದೇ ಮೊದಲು.

ವಂಚನೆ ಎಂಬ ಮಾತಿಗೆ ಬರೋಣ. ಕತ್ತಲಲ್ಲಿದ್ದವರಿಗೆ ಬೆಳಕು ತೋರಿಸಿ, ಹತ್ತಿರ ಕರೆದು, ಆಮೇಲೆ ತಿವಿಯುವುದು ಅಪರಾಧವೇ? ಹೌದಾದರೆ ಮೊದಲ ನೋಟೀಸು ನನಗೇ ಏಕೆ ಬಂತು? ನಮ್ಮ ಬೀದಿಗೆ ಚುನಾವಣೆಗೆ ಮುಂಚೆ ದೀಪದ ಕಂಬ ನೆಟ್ಟರು. ಕಂಬಕ್ಕೆ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಸಾಲಾಗಿ ಹೋಗಿ ಓಟು ಹಾಕಿ ಬಂದೆವು. ಬಲ್ಬು ಇವತ್ತಿಗೂ ಬಂದಿಲ್ಲ. ಈಗ ಆ ಕಂಬ ಎಮ್ಮೆಗಳ ಮೈ ತುರಿಕೆಗೆ ಒದಗುತ್ತಿದೆ. ನಾನಾದರೂ ಮೀನಿಗೆ ನಿಜವಾದ ಬೆಳಕನ್ನೇ ತೋರಿಸಿದ್ದೆ. ಇನ್ನೊಂದು ಮಾತು. ಸರ್ಕಾರ ಕೆರೆಗೆ ಬಿಡುವ ಕಾಟ್ಲಾ, ರೋಹು ಮರಿಗಳನ್ನು ನುಂಗುವುದು ಇದೇ ಕೊರಮೀನು. ಸರ್ಕಾರದ ಸೊತ್ತು ನುಂಗಿದವನನ್ನು ಹಿಡಿದುಕೊಟ್ಟ ನನಗೆ ಶಿಕ್ಷೆ. ಹೀಗೆ ನುಂಗುವವರ ಮೇಲೆ ತಮ್ಮ ಇಲಾಖೆಗೆ ಇಷ್ಟೊಂದು ಮಮಕಾರ ಏಕೆ ಎಂದು ನಾನು ಕೇಳುವುದಿಲ್ಲ.

ಇಷ್ಟರವರೆಗೆ ನಗುತ್ತಲೇ ಬರೆದೆ. ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ.

ನನ್ನ ತಾಯಿ ಮುತ್ಯಾಲಮ್ಮನಿಗೆ ಇರುಳುಗಣ್ಣು. ಹೊತ್ತು ಕಂತಿದರೆ ಕೈಗೆ ಎಟುಕುವ ಗೋಡೆಯೂ ಕಾಣುವುದಿಲ್ಲ. ಆ ಬ್ಯಾಟರಿ ಬಾವಿಗೆ ಇಳಿಯುತ್ತಿದ್ದದ್ದು ಎಲ್ಲೋ ಭಾನುವಾರ ಭಾನುವಾರ. ಉಳಿದ ದಿನವೆಲ್ಲ ಅದು ಅಮ್ಮನ ಸೊಂಟದಲ್ಲಿ, ಎಲೆ ಅಡಿಕೆ ಚೀಲದ ಪಕ್ಕದಲ್ಲಿ ಇರುತ್ತಿತ್ತು. ಜಪ್ತಿಗೆ ಬಂದ ತಮ್ಮ ಜವಾನ ಚನ್ನರಾಯಪ್ಪ ಅದನ್ನು ಅವಳ ಕೈಯಿಂದಲೇ ಇಸಿದುಕೊಂಡು ಹೋದ. ವಾರ ಕಳೆಯುವುದರೊಳಗೆ, ದೀಪ ಹಚ್ಚುವ ಹೊತ್ತಿನಲ್ಲಿ, ಕರು ಕೂಗಿತೆಂದು ಕೊಟ್ಟಿಗೆಗೆ ಹೋದವಳು ಕಲಗಚ್ಚಿನ ಬಾನಿಗೆ ಎಡವಿ ಬಿದ್ದು ಬಲಗೈ ಮುರಿದುಕೊಂಡಳು. ನಾನು ತುತ್ತು ಮಾಡಿ ಬಾಯಿಗಿಟ್ಟರೆ, "ನಿಂಗೆ ನಾನ್ ತಿನ್ನಿಸ್ಬೇಕಾದ್ದು, ಉಲ್ಟಾ ಆಯ್ತಲ್ಲೋ ನಾಯ್ನಾ" ಎಂದು ಮುಖ ಆಚೆ ತಿರುಗಿಸಿಕೊಂಡಳು. ಮಾನ್ಯರೇ, ತಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಅದೇ ಸಿಟ್ಟಿನಲ್ಲಿ ತಮ್ಮ ಕಚೇರಿಗೆ ಬಂದೆ. ಮೋಡ ಕವಿದ ಮಧ್ಯಾಹ್ನ, ಕರೆಂಟು ಹೋಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತೇನೆ, ಒಳಗಿನ ಕತ್ತಲಲ್ಲಿ ಒಂದು ಬೆಳಕು ಅಲ್ಲಾಡುತ್ತಿದೆ. ಮನಸ್ಸಿಗೆ ಗೆಲುವಾಗಿ ಒಳಗೆ ನುಗ್ಗಿದೆ. ನೋಡಿದರೆ ಅದು ನನ್ನ ಬ್ಯಾಟರಿ! ಸೈಕಲ್ ಟ್ಯೂಬಿನ ಅಂಗಿ ತೊಟ್ಟುಕೊಂಡೇ ಚನ್ನರಾಯಪ್ಪನ ಕೈಯಲ್ಲಿ ಉರಿಯುತ್ತಿತ್ತು. "ಯಾವ್ ಫೈಲಪ್ಪಾ ನಿಂದು? ತಡಿ, ಹುಡುಕ್ತೀನಿ" ಎಂದು ಅವನು ನನ್ನ ಬ್ಯಾಟರಿ ಬಿಟ್ಟುಕೊಂಡು ನನ್ನದೇ ಕೇಸಿನ ಕಟ್ಟು ಹುಡುಕಿದ. "ಲೇ, ಅದು ನಂದು ಕಣೋ!" ಅಂದರೆ, "ನಿಂದೇ ಇರ್ಬೋದು, ಈಗ ಅದು ಸಾಕ್ಷಿ. ವಿಚಾರಣೆ ಮುಗಿಯೋವರ್ಗೂ ಕೊಡೋಕಾಗಲ್ಲ" ಅಂದ. ವಿಚಾರಣೆ ಯಾವಾಗ? ಸಾಹೇಬರಿಗೆ ಪುರುಸೊತ್ತಾದಾಗ. ಬೆಳಕು ಕಂಡು ಒಳಗೆ ಬಂದ ನಾನು ತಿವಿಸಿಕೊಂಡು ಹೊರಗೆ ಬಂದೆ. ಬಾವಿಯ ಮೀನಿಗೆ ಏನನ್ನಿಸಿರಬಹುದು ಎಂದು ನನಗೆ ಅವತ್ತು ಗೊತ್ತಾಯಿತು. ಆ ಮಟ್ಟಿಗೆ ತಮ್ಮ ಇಲಾಖೆಯ ಶಿಕ್ಷಣ ಫಲಿಸಿದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡಿದ್ದೆ. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಯೋಚನೆ ಮಾಡಿ, "ಅಲ್ಲ ಕಣೋ, ಅರ್ಜಿ ಯಾಕೋ ಕೊಡ್ತೀಯ? ಆ ಸಾಹೇಬ್ರನ್ನ ಇನ್ನೊಂದ್ಸಲ ಊಟಕ್ಕೆ ಕರಿ. ಮೀನಂದ್ರೆ ಬಂದೇ ಬರ್ತಾರೆ" ಅಂದಳು.

ಆದ್ದರಿಂದ ನನ್ನ ಬೇಡಿಕೆಯನ್ನು ಅಮ್ಮನ ಸಲಹೆಯಂತೆ ತಿದ್ದಿದ್ದೇನೆ. ತಾವು ದಯಮಾಡಿ ನಮ್ಮ ಮನೆಗೆ ಊಟಕ್ಕೆ ಬರಬೇಕು. ಕೊರಮೀನನ್ನು ಸಂತೆಯಲ್ಲಿ ಕೊಂಡು ತರುತ್ತೇನೆ, ಕೇಸಿನ ಭಯ ಬೇಡ. ಹೊತ್ತು ಮುಳುಗಿದ ಮೇಲೆ ಬನ್ನಿ. ಬೀದಿಯ ಕಂಬದಲ್ಲಿ ಬಲ್ಬಿಲ್ಲ, ದಾರಿಯಲ್ಲಿ ಹಳ್ಳ ಕೊಳ್ಳ ಬಹಳ, ಬೆಳಕಿಲ್ಲದೆ ಬರಲಾಗುವುದಿಲ್ಲ. ಕಚೇರಿಯಲ್ಲಿ ಒಳ್ಳೆಯ ಬ್ಯಾಟರಿ ಒಂದಿದೆಯಲ್ಲ, ಅದನ್ನೇ ಹಿಡಿದುಕೊಂಡು ಬನ್ನಿ. ಬಾಗಿಲಲ್ಲಿ ಅಮ್ಮ ಕೂತಿರುತ್ತಾಳೆ, ಅವಳ ಎಡಗೈಗೆ ಕೊಟ್ಟುಬಿಡಿ. ಈಟಿ ತಮ್ಮಲ್ಲೇ ಇರಲಿ. ಮೂತಿ ಹೊರಗೆ ಹಾಕಲು ಹೆದರಬೇಡಿ, ನಾವು ತಿವಿಯುವುದಿಲ್ಲ.

ಇಂತಿ,
ತಮ್ಮ ಹೊಟ್ಟೆಯಲ್ಲಿ ಕರಗಿಹೋದ ಮೀನಿನ ಆರೋಪಿ,
ಸದ್ಯಕ್ಕೆ ಕತ್ತಲಲ್ಲಿರುವ
ಸೈಕಲ್ ಶಾಪ್ ಕೋದಂಡರಾಮಪ್ಪ